ನೀಲಿ ಬಿಟ್ಟು ಬೇರೆ ಬಣ್ಣದ ಶಾಯಿ: ಬ್ಯಾಡಗಿಯ ಟೀಚರ್ ಪತ್ರಕ್ಕೆ ಉತ್ತರ

ಪ್ರಶ್ನೆ: ಸರ್, ನಾನು ಬ್ಯಾಡಗಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಹದಿನೆಂಟು ವರ್ಷದಿಂದ ನೀಲಿ ಶಾಯಿಯಲ್ಲೇ ಬರೆಯುತ್ತಿದ್ದೇನೆ. ಮಗಳು ಮೊದಲ ಸಂಬಳದಲ್ಲಿ ಲ್ಯಾಮಿ ಸಫಾರಿ ಫೌಂಟನ್ ಪೆನ್ನು ಕೊಡಿಸಿದಳು, ಮೀಡಿಯಂ ನಿಬ್ಬಿನದು. ಈಗ ಬಣ್ಣದ ಶಾಯಿಗಳ ಮೇಲೆ ಆಸೆ ಹುಟ್ಟಿದೆ. ಹಸಿರು ಶಾಯಿ ತಂದು ಬರೆದೆ. ಅಕ್ಷರದ ಸುತ್ತ ಗೆರೆಗೆರೆಯಾಗಿ ಹಬ್ಬಿತು, ಹಾಳೆಯ ಹಿಂದೆಯೂ ಮೂಡಿತು. ಬಣ್ಣದ ಶಾಯಿಯೇ ಹಾಗಾ? ಪೆನ್ನು ಕೆಡುತ್ತದಾ? ಯಾವ ಬಣ್ಣದಿಂದ ಶುರು ಮಾಡಲಿ? ನಮ್ಮೂರ ಮೆಣಸಿನಕಾಯಿಯ ಕೆಂಪಿನಿಂದ ಶಾಯಿ ಮಾಡಬಹುದಾ ಅಂತ ಮಕ್ಕಳು ಕೇಳುತ್ತಾರೆ. ನಮ್ಮ ತಂದೆಯವರ ಹಳೇ ಪೆನ್ನೂ ಒಂದಿದೆ. ಕಪ್ಪಗೆ ದಪ್ಪಗಿದೆ, ಡ್ರಾಪರ್‌ನಿಂದ ಶಾಯಿ ತುಂಬುವಂಥದ್ದು. ಅದಕ್ಕೂ ಹಾಕಬಹುದಾ?

ಉತ್ತರ: ಟೀಚರ್, ಆ ಹಸಿರು ಶಾಯಿಯನ್ನು ಎಸೆದಿಲ್ಲ ತಾನೆ? ಎಸೆಯಬೇಡಿ. ತಪ್ಪು ಅದರದ್ದಲ್ಲ, ಹಾಳೆಯದ್ದು.

ಕಾಗದ ಅಂದರೆ ನಾರು. ನಾರಿಗೆ ನೀರು ಕುಡಿಯುವ ಗುಣ. ಹಾಗೇ ಬಿಟ್ಟರೆ ಎಲ್ಲ ಕಾಗದವೂ ಒತ್ತುಕಾಗದದ ಹಾಗೆ ಶಾಯಿ ಹೀರಿಕೊಳ್ಳುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಬರೆಯುವ ಕಾಗದಕ್ಕೆ ಪಿಷ್ಟ ಮತ್ತು ಒಂದಿಷ್ಟು ರಾಸಾಯನಿಕ ಹಾಕುತ್ತಾರೆ. ನಾವು ಕಾಟನ್ ಸೀರೆಗೆ ಗಂಜಿ ಹಾಕುತ್ತೇವಲ್ಲ, ಥೇಟ್ ಹಾಗೆ. ಗಂಜಿ ಚೆನ್ನಾಗಿ ಕೂತ ಕಾಗದದ ಮೇಲೆ ಶಾಯಿ ಸ್ವಲ್ಪ ಹೊತ್ತು ನಿಂತು, ನಿಧಾನ ಒಣಗಿ, ತನ್ನ ಬಣ್ಣ ತೋರಿಸುತ್ತದೆ. ಗಂಜಿ ಕಡಿಮೆಯಾದರೆ ನಾರಿನ ಗುಂಟ ಓಡುತ್ತದೆ. ನಿಮಗೆ ಕಂಡ ಗೆರೆಗಳು ಅವೇ.

ಬಾಲ್‌ಪೆನ್ ಬಂದ ಮೇಲೆ ಶಾಲೆಯ ನೋಟುಬುಕ್ಕಿಗೆ ಅಂಥ ಕಾಗದ ಬೇಕೇಬೇಕು ಅಂತೇನೂ ಉಳಿಯಲಿಲ್ಲ. ಬಾಲ್‌ಪೆನ್ನಿನ ಶಾಯಿ ಎಣ್ಣೆಯಂಥದ್ದು, ಗಟ್ಟಿ. ಎಂಥ ಹಾಳೆಯ ಮೇಲೂ ಕೂರುತ್ತದೆ. ನಮ್ಮ ಪೆನ್ನಿನ ಶಾಯಿ ಮುಕ್ಕಾಲುಪಾಲಿಗಿಂತ ಜಾಸ್ತಿ ನೀರೇ. ಅದಕ್ಕೆ ಕಾಗದದ ಆಸರೆ ಬೇಕು.

ನಿಮ್ಮ ಪತ್ರ ಓದಿದ ರಾತ್ರಿ ನಾನೂ ಕೂತು ನೋಡಿದೆ. ಒಂದೇ ಪೆನ್ನು, ಒಂದೇ ಹಸಿರು ಶಾಯಿ. "ಬ್ಯಾಡಗಿ" ಅಂತ ಮೂರು ಥರದ ಹಾಳೆಯ ಮೇಲೆ ಬರೆದೆ. ಮೊದಲನೆಯದು ಮೊಮ್ಮಗಳ ಶಾಲೆಯ ನೋಟುಬುಕ್ಕು. ಬರೆದು ಮುಗಿಸುವಷ್ಟರಲ್ಲಿ ಯ-ಒತ್ತಿನ ಬಾಲ ಊದಿಕೊಂಡಿತು, "ಬ" ಅಕ್ಷರದ ಹೊಟ್ಟೆ ಅರ್ಧ ಮುಚ್ಚಿತು. ಬಣ್ಣ ಮಂಕು, ಬಾಡಿದ ಪಾಲಕದ ಹಾಗೆ. ಎರಡನೆಯದು 75 ಜಿಎಸ್‌ಎಂ ಜೆರಾಕ್ಸ್ ಹಾಳೆ, ಅಂದರೆ ಒಂದು ಚದರ ಮೀಟರಿಗೆ 75 ಗ್ರಾಂ ತೂಗುವಂಥದ್ದು. ಅಂಚು ಸ್ವಲ್ಪ ಒರಟು, ಆದರೆ ಓದಲು ತೊಂದರೆ ಇಲ್ಲ. ಮೂರನೆಯದು ಹಳೇ ಲೆಕ್ಕದ ಪುಸ್ತಕದ ನುಣುಪು ಹಾಳೆ. ಅಲ್ಲಿ ಅದೇ ಶಾಯಿ ಬೇರೆಯೇ ಆಗಿ ಕಂಡಿತು. ಗೆರೆ ಶುರುವಾದಲ್ಲಿ ತಿಳಿ ಹಸಿರು, ಮುಗಿದಲ್ಲಿ ಕಡು ಹಸಿರು. "ಗಿ" ಅಕ್ಷರದ ಗುಡಿಸು ತಿರುಗುವ ಜಾಗದಲ್ಲಿ ಎರಡೂ ಬಣ್ಣ ಪಕ್ಕಪಕ್ಕ. ಬಾಟಲಿ ಒಂದೇ, ಹಸಿರು ಮೂರು.

ಬಣ್ಣದ ಶಾಯಿಯ ವಿಷಯದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತೇ ಇದು. ಬಾಟಲಿ ನೋಡಿ, ಮೊಬೈಲಿನಲ್ಲಿ ಚಿತ್ರ ನೋಡಿ ಶಾಯಿ ಆರಿಸಬೇಡಿ. ನಿಮ್ಮ ಪೆನ್ನು, ನಿಮ್ಮ ಹಾಳೆ, ನಿಮ್ಮ ಅಕ್ಷರ, ಮೂರೂ ಸೇರಿದಾಗ ಬಣ್ಣ ಹುಟ್ಟುತ್ತದೆ. ಹೊಸ ಶಾಯಿಗೆ ದುಡ್ಡು ಹಾಕುವ ಮೊದಲು ಒಂದು ಒಳ್ಳೆಯ ನೋಟುಬುಕ್ಕು ಕೊಳ್ಳಿ. ಅಂಗಡಿಯಲ್ಲಿ ಜಿಎಸ್‌ಎಂ ಮಾತ್ರ ಕೇಳಿ ಬರಬೇಡಿ, ಅದು ಬರೀ ತೂಕ. ಜಪಾನಿನ ಟೊಮೊಯೆ ರಿವರ್ ಅನ್ನುವ ಕಾಗದ 52 ಜಿಎಸ್‌ಎಂ ಅಷ್ಟೇ, ನಮ್ಮ ನೋಟುಬುಕ್ಕಿಗಿಂತ ತೆಳು. ಆದರೂ ಶಾಯಿ ಹಬ್ಬುವುದಿಲ್ಲ. ಸುಲಭದ ಪರೀಕ್ಷೆ ಏನಂದರೆ, ಪೆನ್ನು ಜೊತೆಗೇ ಒಯ್ಯಿರಿ. ಅಂಗಡಿಯವರನ್ನು ಕೇಳಿ ಕೊನೆಯ ಹಾಳೆಯ ಮೂಲೆಯಲ್ಲಿ ಒಂದು ಚುಕ್ಕೆ ಇಡಿ, ಹತ್ತು ಎಣಿಸಿ. ಚುಕ್ಕೆ ಚುಕ್ಕೆಯಾಗೇ ಉಳಿದರೆ ಆ ಪುಸ್ತಕ ತನ್ನಿ. ಧಾರವಾಡದ ಸುಭಾಸ್ ರಸ್ತೆಯಲ್ಲಿ ನಾನು ಹೀಗೇ ಮಾಡುತ್ತೇನೆ. ಯಾರೂ ಬೇಡ ಅಂದಿಲ್ಲ.

ಮಳೆಗಾಲದಲ್ಲಿ ಮಾತ್ರ ಎಲ್ಲ ಹಾಳೆಯೂ ಒಂದಿಷ್ಟು ಸೋಲುತ್ತದೆ. ನಮ್ಮ ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ಕಾಗದ ಗಾಳಿಯಲ್ಲಿನ ತೇವ ಕುಡಿದು ಮೆತ್ತಗಾಗುತ್ತದೆ. ಮೇ ತಿಂಗಳಲ್ಲಿ ಚಂದ ಬರೆದ ಹಾಳೆಯಲ್ಲೇ ಜುಲೈನಲ್ಲಿ ಶಾಯಿ ಹಬ್ಬಬಹುದು. ಆಗ ಪುಸ್ತಕವನ್ನು ಕಪಾಟಿನ ಒಳಗಿಡಿ, ಕಿಟಕಿ ಪಕ್ಕ ಬೇಡ.

ಇನ್ನು ನಿಬ್ಬು. ಕನ್ನಡ ಅಕ್ಷರಕ್ಕೂ ಇಂಗ್ಲಿಷ್ ಅಕ್ಷರಕ್ಕೂ ಇಲ್ಲಿ ವ್ಯತ್ಯಾಸ ಇದೆ. ಪರದೇಶದವರು ಬಣ್ಣದ ಶಾಯಿಗೆ ದಪ್ಪ ನಿಬ್ಬೇ ಚಂದ ಅನ್ನುತ್ತಾರೆ. ದಪ್ಪ ಗೆರೆಯಲ್ಲಿ ಬಣ್ಣದ ಏರಿಳಿತ ಚೆನ್ನಾಗಿ ಕಾಣುತ್ತದೆ, ಅದು ನಿಜ. ಆದರೆ ನಮ್ಮ "ಶ್ರೀ", "ಕ್ಷ", "ಷ್ಟ" ಇವನ್ನು ನೋಡಿ. ಎಷ್ಟೊಂದು ಸಣ್ಣ ಕಣ್ಣುಗಳು, ಕೆಳಗೆ ಮತ್ತೆ ಒತ್ತು. ದಪ್ಪ ನಿಬ್ಬು, ತೆಳ್ಳಗೆ ಹರಿಯುವ ಶಾಯಿ, ಹೀರುವ ಹಾಳೆ ಮೂರೂ ಸೇರಿದರೆ ಆ ಕಣ್ಣುಗಳೆಲ್ಲ ಮುಚ್ಚಿಹೋಗುತ್ತವೆ. ಲ್ಯಾಮಿಯ ಮೀಡಿಯಂ ಅಂದರೆ ಜಪಾನಿ ಪೆನ್ನುಗಳ ಮೀಡಿಯಂಗಿಂತ ದಪ್ಪ. ನೀವು ಅಕ್ಷರ ದೊಡ್ಡದಾಗಿ ಬರೆಯುವವರಾದರೆ ಪರವಾಗಿಲ್ಲ. ಸಣ್ಣದಾಗಿ ಬರೆಯುವವರಾದರೆ ಫೈನ್ ನಿಬ್ಬು ಬೇರೆ ಸಿಗುತ್ತದೆ. ಸಫಾರಿಯಲ್ಲಿ ನಿಬ್ಬು ಮಾತ್ರ ಕಳಚಿ ಬದಲಾಯಿಸಬಹುದು, ಪೆನ್ನು ಹೊಸದು ಬೇಕಿಲ್ಲ.

ನಮ್ಮ ಲಿಪಿಗೆ ಒಂದು ಲಾಭವೂ ಇದೆ. ಅದರಲ್ಲಿ ನೇರ ಗೆರೆ ಕಡಿಮೆ, ಸುತ್ತು ಜಾಸ್ತಿ. ಸುತ್ತು ತಿರುಗುವಾಗ ಕೈ ನಿಧಾನ ಆಗುತ್ತದೆ. ತಲೆಕಟ್ಟಿನ ತುದಿ, ಕೊಂಬಿನ ತುದಿ, ದೀರ್ಘದ ಕೊನೆ, ಇಲ್ಲೆಲ್ಲ ಪೆನ್ನು ಒಂದು ಕ್ಷಣ ನಿಂತು ಏಳುತ್ತದೆ. ನಿಂತಲ್ಲಿ ಶಾಯಿ ತುಸು ಮಡುಗಟ್ಟುತ್ತದೆ, ಆ ಜಾಗ ಗಾಢವಾಗುತ್ತದೆ. ತಿಳಿಯಿಂದ ಗಾಢಕ್ಕೆ ಹೋಗುವ ಈ ಗುಣಕ್ಕೆ ಶೇಡಿಂಗ್ ಅನ್ನುತ್ತಾರೆ. ಕನ್ನಡದಲ್ಲಿ ಅದು ಪ್ರತಿ ಅಕ್ಷರಕ್ಕೂ ಸಿಗುತ್ತದೆ. ಒಳ್ಳೆಯ ಕಂದು ಶಾಯಿಯಲ್ಲಿ ಒಂದು ಪುಟ ಬರೆದು ನೋಡಿ, ನಾನು ಹೇಳಿದ್ದು ಕಣ್ಣಿಗೇ ಕಾಣುತ್ತದೆ.

ಈಗ ಮೆಣಸಿನಕಾಯಿ. ನಿಮ್ಮ ಮಕ್ಕಳ ಪ್ರಶ್ನೆ ನನಗೆ ಬಹಳ ಹಿಡಿಸಿತು. ನಾನು ಕೆಮಿಸ್ಟ್ರಿ ಪಾಠ ಮಾಡಿದವನು. ಇಷ್ಟು ಒಳ್ಳೆಯ ಪ್ರಶ್ನೆ ಕ್ಲಾಸಿನಲ್ಲಿ ದಿನಾ ಬರುವುದಿಲ್ಲ.

ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದದ್ದೇ ಬಣ್ಣಕ್ಕೆ. ಖಾರ ಕಡಿಮೆ, ಕೆಂಪು ಜಾಸ್ತಿ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಅದರಿಂದ ತೆಗೆದ ಕೆಂಪು ಸತ್ವ ಲಿಪ್‌ಸ್ಟಿಕ್ಕಿಗೆ, ಉಗುರುಬಣ್ಣಕ್ಕೆ ಹೋಗುತ್ತದೆ. ಹಾಗಿದ್ದ ಮೇಲೆ ಶಾಯಿಗೆ ಯಾಕೆ ಆಗಬಾರದು? ಉತ್ತರ ನಿಮ್ಮ ಅಡುಗೆಮನೆಯಲ್ಲೇ ಇದೆ. ಮಕ್ಕಳಿಗೆ ಎರಡು ಲೋಟ ಕೊಡಿ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಎಣ್ಣೆ. ಎರಡಕ್ಕೂ ಒಂದೊಂದು ಚಮಚ ಮೆಣಸಿನಪುಡಿ ಹಾಕಿ ಕಲಕಿ, ಅರ್ಧ ತಾಸು ಬಿಡಲಿ. ನೀರಿನಲ್ಲಿ ಪುಡಿ ತಳ ಸೇರುತ್ತದೆ, ಮೇಲಿನ ನೀರಿಗೆ ಮಾಸಲು ಬಣ್ಣ ಅಷ್ಟೇ. ಎಣ್ಣೆ ಮಾತ್ರ ಕೆಂಪಗೆ ಹೊಳೆಯುತ್ತದೆ. ಸಾರಿನ ಮೇಲೆ ತೇಲುವ ಕೆಂಪು ಎಣ್ಣೆ ನೆನಪು ಮಾಡಿಕೊಳ್ಳಿ. ಆ ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್ ಅನ್ನುವ ವಸ್ತು. ಅದು ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ನಮ್ಮ ಶಾಯಿಗೆ ನೀರಿನಲ್ಲಿ ಪೂರ್ತಿ ಕರಗುವ ಬಣ್ಣವೇ ಬೇಕು. ಕರಗದ ಪುಡಿ ಪೆನ್ನಿನೊಳಗೆ ಹೋದರೆ ಫೀಡ್ ಕಟ್ಟಿಕೊಳ್ಳುತ್ತದೆ. ಫೀಡ್ ಅಂದರೆ ನಿಬ್ಬಿನ ಕೆಳಗಿರುವ ಕರಿ ನಾಲಿಗೆ. ಅದರ ಕಾಲುವೆ ಕೂದಲೆಳೆಯಷ್ಟು ಸಣ್ಣದು. ಅರಿಶಿಣದ್ದೂ ಇದೇ ಕಥೆ. ಬೀಟ್‌ರೂಟ್ ಬಣ್ಣ ನೀರಿಗೆ ಬಿಡುತ್ತದೆ, ಆದರೆ ಬೇಗ ಮಾಸುತ್ತದೆ, ಬಾಟಲಿಯಲ್ಲಿ ಬೂಜು ಬರುತ್ತದೆ.

ಮಕ್ಕಳಿಂದ ಶಾಯಿ ಮಾಡಿಸಲೇಬೇಕು ಅಂದರೆ ಹಿಂದಿನವರ ದಾರಿ ಒಂದಿದೆ. ಗ್ರಂಥಿಗೆ ಅಂಗಡಿಯಲ್ಲಿ ಅಳಲೆಕಾಯಿ ಮತ್ತು ಅನ್ನಭೇದಿ ತನ್ನಿ. ಅಳಲೆಕಾಯಿ ಜಜ್ಜಿ ನೀರಿನಲ್ಲಿ ಕುದಿಸಿ ಸೋಸಿದರೆ ಕಂದು ಕಷಾಯ ಬರುತ್ತದೆ, ಬಾಯಿಗಿಟ್ಟರೆ ಒಗರು. ಆ ಒಗರೇ ಟ್ಯಾನಿನ್. ಅನ್ನಭೇದಿ ಅಂದರೆ ಕಬ್ಬಿಣದ ಲವಣ, ಫೆರಸ್ ಸಲ್ಫೇಟ್. ಅದರ ಚಿಟಿಕೆ ಹರಳನ್ನು ಕಷಾಯಕ್ಕೆ ಹಾಕಿದ ತಕ್ಷಣ ಕಂದು ಹೋಗಿ ನೀಲಿಗಪ್ಪು ಬರುತ್ತದೆ. ಮಕ್ಕಳು ಓಹೋ ಅನ್ನುತ್ತಾರೆ, ನೋಡಿ ಬೇಕಾದರೆ. ಅನ್ನಭೇದಿ ಯಾರೂ ಬಾಯಿಗೆ ಹಾಕದ ಹಾಗೆ ನೋಡಿಕೊಳ್ಳಿ, ಕಷಾಯಕ್ಕೆ ಅದನ್ನು ಹಾಕಿದ ಮೇಲೆ ಅದನ್ನೂ ರುಚಿ ನೋಡಬಾರದು. ಈ ಶಾಯಿಯಲ್ಲಿ ಬರೆದಾಗ ಮೊದಲು ತೆಳ್ಳಗಿರುತ್ತದೆ, ಗಾಳಿ ತಾಗಿ ಕಪ್ಪಾಗುತ್ತ ಹೋಗುತ್ತದೆ. ಯುರೋಪಿನಲ್ಲಿ ಓಕ್ ಮರದ ಗಂಟುಕಾಯಿಯಿಂದ ಶತಮಾನಗಟ್ಟಲೆ ಹೀಗೇ ಮಾಡಿದರು. ಇವತ್ತಿಗೂ ಪೆಲಿಕಾನ್ 4001 ಸರಣಿಯ ಬ್ಲೂ-ಬ್ಲ್ಯಾಕ್ ಶಾಯಿಯಲ್ಲಿ ಅದೇ ತತ್ವ ಇದೆ. ಆದರೆ ಮನೆಯಲ್ಲಿ ಮಾಡಿದ್ದನ್ನು ನಿಮ್ಮ ಲ್ಯಾಮಿಗೆ ದಯವಿಟ್ಟು ತುಂಬಬೇಡಿ. ಅದರಲ್ಲಿ ಗಸಿ ಇರುತ್ತದೆ, ಆಮ್ಲವೂ ಇರುತ್ತದೆ. ಟಾಕಿನಿಂದ ಅದ್ದಿ ಅದ್ದಿ ಬರೆಯಲಿ. ಟಾಕು ಸಿಗದಿದ್ದರೆ ಬಿದಿರಿನ ಕಡ್ಡಿ ಚೂಪು ಮಾಡಿಕೊಟ್ಟರೂ ಸಾಕು.

ಜೊತೆಗೆ ಇನ್ನೊಂದು ಪ್ರಯೋಗ ಮಾಡಿಸಿ, ಇದಕ್ಕೆ ಖರ್ಚೇ ಇಲ್ಲ. ಬಿಳಿ ಸೀಮೆಸುಣ್ಣದ ಕಡ್ಡಿಗೆ ಕೆಳಗಿನಿಂದ ಎರಡು ಬೆರಳಗಲ ಬಿಟ್ಟು ಒಂದು ಚುಕ್ಕೆ ಶಾಯಿ ಇಡಿ. ತಟ್ಟೆಯಲ್ಲಿ ಒಂದು ಬೆರಳಗಲ ನೀರು ಹಾಕಿ ಕಡ್ಡಿಯನ್ನು ನಿಲ್ಲಿಸಿ. ಚುಕ್ಕೆ ನೀರಿಗೆ ತಾಗಬಾರದು. ನೀರು ಮೆಲ್ಲಗೆ ಮೇಲೇರುತ್ತ ಬಣ್ಣವನ್ನು ಎಳೆದುಕೊಂಡು ಹೋಗುತ್ತದೆ, ಹೋಗುತ್ತ ಬಿಡಿಸುತ್ತದೆ. ನಿನ್ನೆ ನಾನು ಅದೇ ಹಸಿರನ್ನು ಇಟ್ಟು ನೋಡಿದೆ. ಹತ್ತು ನಿಮಿಷದಲ್ಲಿ ಮೇಲೆ ಆಕಾಶನೀಲಿ ಪಟ್ಟಿ, ಕೆಳಗೆ ನಿಂಬೆಹಣ್ಣಿನ ಹಳದಿ ಪಟ್ಟಿ, ನಡುವೆ ಮಾತ್ರ ಒಂದಿಷ್ಟು ಹಸಿರು. ಬಾಟಲಿಯಲ್ಲಿ ಒಂದೇ ಆಗಿ ಕಾಣುವ ಬಣ್ಣ ಎಷ್ಟೋ ಸಲ ಎರಡು ಮೂರು ಬಣ್ಣಗಳ ಬೆರಕೆ. ಎಲ್ಲ ಒಂದೇ ವೇಗದಲ್ಲಿ ಓಡುವುದಿಲ್ಲ. ಹೀರುವ ಹಾಳೆಯ ಮೇಲೆ ಕಂದು ಶಾಯಿಯ ಅಂಚು ಗುಲಾಬಿಯಾಗಿ ಕಾಣುವುದೂ ಇದೇ ಕಾರಣಕ್ಕೆ.

ಪೆನ್ನು ಕೆಡುತ್ತದಾ ಅಂತ ಕೇಳಿದಿರಿ. ಫೌಂಟನ್ ಪೆನ್ನಿಗೆ ಅಂತಲೇ ಮಾಡಿದ ಸಾದಾ ಶಾಯಿ ಯಾವ ಬಣ್ಣದ್ದೇ ಆಗಲಿ, ಕೆಡುವುದಿಲ್ಲ. ಬಣ್ಣಕ್ಕಿಂತ ಶಾಯಿಯ ಜಾತಿ ಮುಖ್ಯ. ಕರಗುವ ಬಣ್ಣದ ಶಾಯಿ ನಿಶ್ಚಿಂತೆ. ಕಬ್ಬಿಣದ ಶಾಯಿಯಲ್ಲಿ ಆಮ್ಲ ಇರುತ್ತದೆ. ಹಾಕಬಹುದು, ಆದರೆ ಪೆನ್ನಿನೊಳಗೆ ಒಣಗಲು ಬಿಡಬಾರದು. ಪಿಗ್ಮೆಂಟ್ ಶಾಯಿಯಲ್ಲಿ, ಉದಾಹರಣೆಗೆ ಪ್ಲಾಟಿನಂ ಕಾರ್ಬನ್, ಬಣ್ಣ ಕರಗಿರುವುದಿಲ್ಲ, ಅತಿ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಒಣಗಿದರೆ ಬಿಡಿಸುವುದು ಬಲು ಕಷ್ಟ. ಮಿನುಗುವ ಶಾಯಿಯಲ್ಲಿ ಹೊಳೆಯುವ ಪುಡಿಯೇ ಇರುತ್ತದೆ. ಎರ್ಬಾಂ ಕಂಪನಿಯ ಎಮರಾಲ್ಡ್ ಆಫ್ ಚಿವೋರ್ ಅಂಥದ್ದು. ಕಡು ಹಸಿರುನೀಲಿಯಲ್ಲಿ ಬಂಗಾರದ ಕಣ, ಶಾಯಿ ಮಡುಗಟ್ಟಿದಲ್ಲಿ ಕೆಂಪು ಹೊಳಪು. ಒಮ್ಮೆ ನೋಡಿದರೆ ಮನಸ್ಸು ಅಲ್ಲೇ ನಿಲ್ಲುತ್ತದೆ. ಆದರೆ ಅದು ಎರಡನೇ ವರ್ಷದ ಶಾಯಿ, ಮೊದಲ ತಿಂಗಳಿನದಲ್ಲ. ಪೆನ್ನು ತೊಳೆಯುವ ಅಭ್ಯಾಸ ಕೂತ ಮೇಲೆ ತನ್ನಿ.

ಚಿತ್ರ ಬರೆಯುವ ಡ್ರಾಯಿಂಗ್ ಇಂಕ್, ರಬ್ಬರ್ ಸ್ಟ್ಯಾಂಪಿನ ಶಾಯಿ, ಪ್ರಿಂಟರಿನ ಶಾಯಿ, ಗದಗಿನ ಪ್ರೆಸ್ಸುಗಳಲ್ಲಿ ಸಿಗುವ ಮುದ್ರಣದ ಶಾಯಿ, ಇವು ಯಾವುದೂ ಪೆನ್ನಿಗೆ ಬೇಡವೇ ಬೇಡ. ಡ್ರಾಯಿಂಗ್ ಇಂಕಿನಲ್ಲಿ ಅರಗಿನ ಅಂಟು ಇರುತ್ತದೆ. ಅದು ಫೀಡಿನೊಳಗೆ ಗಟ್ಟಿಯಾದರೆ ಆ ಪೆನ್ನು ಹೋಯಿತು ಅಂತಲೇ ಲೆಕ್ಕ.

ಎರಡು ಶಾಯಿ ಬೆರೆಸುವ ಆಸೆ ನಿಮಗೂ ಬಂದೇ ಬರುತ್ತದೆ. ನನಗೂ ಬಂದಿತ್ತು. ಕೆಲವು ವರ್ಷದ ಹಿಂದೆ, ಬೇರೆ ಬೇರೆ ಕಂಪನಿಯ ನೇರಳೆ ಮತ್ತು ಹಸಿರು ಒಂದಿಷ್ಟು ಉಳಿದಿದ್ದವು. ಎರಡನ್ನೂ ಸೇರಿಸಿ ಅವತ್ತೇ ಪೆನ್ನಿಗೆ ತುಂಬಿದೆ. ರಾತ್ರಿ ಚಂದ ಬರೆಯಿತು. ಬೆಳಿಗ್ಗೆ ಒಂದು ಗೆರೆಯೂ ಬರಲಿಲ್ಲ. ಬಾಟಲಿ ನೋಡಿದರೆ ತಳದಲ್ಲಿ ರಾಗಿ ಗಂಜಿಯ ಹಾಗೆ ಗಸಿ. ಒಂದು ಶಾಯಿ ಆಮ್ಲದ ಕಡೆ, ಇನ್ನೊಂದು ಕ್ಷಾರದ ಕಡೆ ಇದ್ದರೆ ಬಣ್ಣ ಕರಗಿ ಉಳಿಯದೆ ಕೆಳಗೆ ಕೂರಬಹುದು. ಫೀಡ್ ಬಿಡಿಸಿ ತೊಳೆಯಲು ನನಗೆ ಎರಡು ದಿನ ಹಿಡಿಯಿತು. ಬೆರೆಸಲೇಬೇಕಾದರೆ ಒಂದೇ ಕಂಪನಿಯ, ಒಂದೇ ಸರಣಿಯ ಶಾಯಿ ತೆಗೆದುಕೊಳ್ಳಿ. ಗಾಜಿನ ಸಣ್ಣ ಶೀಶೆಯಲ್ಲಿ ಬೆರೆಸಿ ಒಂದು ವಾರ ಇಡಿ. ಗಸಿ ಕಾಣದಿದ್ದರೆ ಆಮೇಲೆ ಪೆನ್ನಿಗೆ ಹಾಕಿ.

ಬಣ್ಣ ಬದಲಿಸುವಾಗ ತೊಳೆಯುವುದೇ ಅರ್ಧ ಕೆಲಸ. ಕೆಂಪಿನ ತುಣುಕು ಒಳಗೆ ಉಳಿದು ಹಸಿರು ಹಾಕಿದರೆ ಸಿಗುವುದು ಕೆಸರಿನ ಬಣ್ಣ. ಮೆಡಿಕಲ್ ಶಾಪಿನಿಂದ ಐದು ಎಂಎಲ್ ಸಿರಿಂಜ್ ತನ್ನಿ. ತಣ್ಣೀರಿನಿಂದ ನಿಬ್ಬಿನ ಭಾಗದ ಮೂಲಕ ನೀರು ದೂಡಿ, ತಿಳಿಯಾಗುವ ತನಕ. ಆಮೇಲೆ ನಿಬ್ಬನ್ನು ಮೆತ್ತನೆ ಬಟ್ಟೆಯ ಮೇಲೆ ಕೆಳಮುಖ ಇಟ್ಟು ರಾತ್ರಿ ಬಿಡಿ. ಬಿಸಿನೀರು, ಸ್ಪಿರಿಟ್ಟು ಬೇಡ. ನೀರಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಎಷ್ಟೋ ಊರಿನ ಬೋರ್‌ವೆಲ್ ನೀರು ಗಡಸು. ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಸುಣ್ಣ ಫೀಡಿನ ಕಾಲುವೆಯಲ್ಲೂ ಕೂರುತ್ತದೆ. ತೊಳೆಯಲು ಯಾವ ನೀರಾದರೂ ನಡೆದೀತು, ಕೊನೆಯ ಒಂದೆರಡು ಸಲ ಮಾತ್ರ ಆರ್‌ಓ ನೀರು ಬಳಸಿ. ಹಿಡಿದು ಕಾಯಿಸಿ ಆರಿಸಿದ ಮಳೆನೀರೂ ಒಳ್ಳೆಯದು.

ಯಾವ ಬಣ್ಣದಿಂದ ಶುರು? ನನ್ನ ಸಲಹೆ ಏನಂದರೆ, ಕಪ್ಪಿಗೆ ಹತ್ತಿರದ ಬಣ್ಣಗಳಿಂದ ಶುರು ಮಾಡಿ. ಕಿತ್ತಳೆ, ಗುಲಾಬಿ, ಗಿಳಿಹಸಿರು ಬಾಟಲಿಯಲ್ಲಿ ಕಣ್ಣು ಸೆಳೆಯುತ್ತವೆ. ಅವುಗಳಲ್ಲಿ ಎರಡು ಪುಟ ಬರೆದು ಸಂಜೆ ಬಲ್ಬಿನ ಬೆಳಕಿನಲ್ಲಿ ಓದಿ ನೋಡಿ, ಕಣ್ಣು ನೋಯುತ್ತದೆ. ಹುಣಸೆಹಣ್ಣಿನ ಕಂದು, ನೇರಳೆಹಣ್ಣಿನ ಬಣ್ಣ, ಮಾವಿನ ಬಲಿತ ಎಲೆಯ ಹಸಿರು, ನವಿಲುಗರಿಯ ನೀಲಿಹಸಿರು, ಇವು ಓದಲು ಹಿತ. ಬಣ್ಣವೂ ಇದ್ದಂತಾಯಿತು.

ನೀವು ಮೆಣಸಿನಕಾಯಿ ಊರಿನವರು. ಹಾಗಾಗಿ ಮೊದಲ ಬಾಟಲಿ ಡಯಮೈನ್ ಆಕ್ಸ್‌ಬ್ಲಡ್ ಆಗಲಿ ಅನ್ನುತ್ತೇನೆ. ಇಂಗ್ಲೆಂಡಿನ ಲಿವರ್‌ಪೂಲ್ ಕಂಪನಿ, 1864ರಿಂದ ಶಾಯಿ ಮಾಡುತ್ತಿದೆ. ಆ ಶಾಯಿ ಒಣಗಿದ ಮೇಲೆ ಥೇಟ್ ನಿಮ್ಮ ಸುಕ್ಕುಸುಕ್ಕಾದ ಒಣ ಬ್ಯಾಡಗಿಯ ಬಣ್ಣ. ಕೆಂಪೇ, ಆದರೆ ಒಳಗೆ ಕಪ್ಪು ಹುದುಗಿದ ಕೆಂಪು. 30 ಎಂಎಲ್ ಸಣ್ಣ ಬಾಟಲಿಯೂ ಬರುತ್ತದೆ. ಒಂದು ಸಲ ಪೆನ್ನಿಗೆ ಹಿಡಿಯುವುದು ಒಂದು ಎಂಎಲ್‌ಗೂ ಕಡಿಮೆ. ಅಂದರೆ ಮೂವತ್ತು ಸಲಕ್ಕಿಂತ ಜಾಸ್ತಿ ತುಂಬಬಹುದು, ದಿನಾ ಬರೆದರೂ ತಿಂಗಳುಗಟ್ಟಲೆ ಸಾಕು. ಲ್ಯಾಮಿಗೆ ಬಾಟಲಿಯಿಂದ ಶಾಯಿ ಎಳೆಯಲು ಅದರದ್ದೇ ಕನ್ವರ್ಟರ್ ಬೇಕು, ಪೆನ್ನಿನ ಜೊತೆ ಬಂದಿಲ್ಲದಿದ್ದರೆ ಕೊಳ್ಳಿ.

ಪೈಲಟ್ ಕಂಪನಿಯ ಇರೋಶಿಜುಕು ಸರಣಿ 2007ರಲ್ಲಿ ಶುರುವಾಯಿತು. ದುಬಾರಿ, ಆದರೆ ಹರಿಯುವುದು ಬೆಣ್ಣೆಯ ಹಾಗೆ. ಅದರಲ್ಲಿ ಯಾಮಾ-ಬುಡೊ ಅಂದರೆ ಕಾಡು ದ್ರಾಕ್ಷಿ, ಕು-ಜಾಕು ಅಂದರೆ ನವಿಲು. ಹೆಸರಿಗೆ ತಕ್ಕ ಬಣ್ಣ. ದೇಶದೊಳಗೆ ನೋಡಿದರೆ ಕೇರಳದ ಕೃಷ್ಣ ಇಂಕ್‌ನವರು ಬಹಳ ಧೈರ್ಯದ ಬಣ್ಣಗಳನ್ನು ಮಾಡುತ್ತಾರೆ. ಅವರ ಜಂಗಲ್ ವಾಲ್ಕೆನೊ ಬರೆದಾಗ ಕಿತ್ತಳೆ, ಒಣಗಿದಲ್ಲಿ ಹಸಿರು ಹೊಳಪು. ಇಂಥ ಹೊಳಪಿನ ಶಾಯಿಗಳಲ್ಲಿ ಬಣ್ಣ ತುಂಬಾ ದಟ್ಟವಾಗಿರುತ್ತದೆ. ಕಾಗದ ಹೀರಿ ಉಳಿದದ್ದು ಮೇಲೆ ಪದರವಾಗಿ ಕೂರುತ್ತದೆ, ಹೊಳಪು ಅದರಿಂದಲೇ. ಆ ಪದರ ಮಳೆಗಾಲದಲ್ಲಿ ಬೆವರಿದ ಕೈ ತಾಗಿದರೂ ಅಳಿಸುತ್ತದೆ, ವಾರ ಕಳೆದಿದ್ದರೂ. ಡೈರಿಗೆ ಸರಿ, ಮಕ್ಕಳ ಕೈಗೆ ಹೋಗುವ ಪುಸ್ತಕಕ್ಕೆ ಬೇಡ. ಕೋಲ್ಕತ್ತದ ಸುಲೇಖಾ 1934ರಲ್ಲಿ ಸ್ವದೇಶಿ ಚಳವಳಿಯ ಕಾಲಕ್ಕೆ ಹುಟ್ಟಿದ ಕಂಪನಿ. ನಡುವೆ ಬಾಗಿಲು ಮುಚ್ಚಿ ಈಗ ಮತ್ತೆ ಶಾಯಿ ಮಾಡುತ್ತಿದೆ. ಇನ್ನು ಕ್ಯಾಮ್ಲಿನ್. 1931ರಲ್ಲಿ ಶಾಯಿಪುಡಿ ಮಾರುವುದರಿಂದ ಶುರುವಾದ ಮನೆತನ ಅದು. ನಮ್ಮ ತಲೆಮಾರಿನವರ ಅಂಗಿ ಜೇಬಿನ ಕಲೆಗಳೆಲ್ಲ ಅದರವೇ. ಕೆಂಪು, ಹಸಿರು ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತವೆ, ಬೆಲೆ ಕಡಿಮೆ, ಪೆನ್ನಿಗೂ ಒಗ್ಗುತ್ತವೆ. ಕಲಿಯಲು ಅವೇ ಸಾಕು. ಹುಬ್ಬಳ್ಳಿ-ಧಾರವಾಡದಲ್ಲಿ ಪರದೇಶದ ಶಾಯಿ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಹೆಚ್ಚಿನವು ಪಾರ್ಸೆಲ್‌ನಲ್ಲೇ ಬರಬೇಕು. ನಿಮ್ಮ ಹಾಗೇ ಆಸೆ ಇರುವ ಇನ್ನಿಬ್ಬರು ಸಿಕ್ಕರೆ ಮೂವರೂ ಒಂದೊಂದು ಬಾಟಲಿ ತರಿಸಿ ಹಂಚಿಕೊಳ್ಳಿ. ಹಂಚಿ ಬಂದ ಶಾಯಿಯಲ್ಲಿ ನಾನು ಎಷ್ಟೋ ಬಣ್ಣ ಕಲಿತಿದ್ದೇನೆ.

ಎಲ್ಲಿ ಬಣ್ಣ ಬೇಡ ಅನ್ನುವುದು ನಿಮಗೆ ಗೊತ್ತೇ ಇದೆ. ಹಾಜರಿ, ದಾಖಲೆ, ಅರ್ಜಿಗೆ ನೀಲಿ-ಕಪ್ಪೇ ಸರಿ. ಚೆಕ್ಕಿಗೆ ರಿಸರ್ವ್ ಬ್ಯಾಂಕ್ ಇಂಥದೇ ಬಣ್ಣ ಅಂತ ನಿಗದಿ ಮಾಡಿಲ್ಲ. ಆದರೆ ಸ್ಕ್ಯಾನಿನಲ್ಲಿ ಚೆನ್ನಾಗಿ ಕಾಣುವ, ಅಳಿಸದ ಶಾಯಿ ಬೇಕು.

ಉಳಿಯಬೇಕಾದ ಬರಹಕ್ಕೂ ಯೋಚನೆ ಮಾಡಿ. ಬಣ್ಣದ ಶಾಯಿ ಬಿಸಿಲಿಗೆ ಮಾಸುತ್ತದೆ, ಎಲ್ಲವೂ ಒಂದೇ ಸಮ ಅಲ್ಲ. ಇಯೋಸಿನ್ ಅನ್ನುವ ಬಣ್ಣ ಹಾಕಿದ ಗುಲಾಬಿಗೆಂಪು ಬಹಳ ಬೇಗ ಹೋಗುತ್ತದೆ, ತೊಳೆದರೆ ಹೋಗುವ ವಾಷೆಬಲ್ ನೀಲಿಯೂ ಅಷ್ಟೇ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಮಾಡುತ್ತಾರಲ್ಲ, ಅಲ್ಲಿ ಬಟ್ಟೆಯ ಬಣ್ಣ ಎಷ್ಟು ತಾಳುತ್ತದೆ ಅನ್ನುವುದಕ್ಕೂ ಪರೀಕ್ಷೆ ಇದೆ. ನೀವೂ ಸಣ್ಣದೊಂದು ಪರೀಕ್ಷೆ ಮಾಡಿ. ನಿಮ್ಮಲ್ಲಿರುವ ಶಾಯಿಗಳಿಂದೆಲ್ಲ ಒಂದು ಹಾಳೆಯ ಮೇಲೆ ಒಂದೊಂದು ಉದ್ದ ಗೆರೆ ಎಳೆಯಿರಿ. ಅರ್ಧ ಹಾಳೆಗೆ ದಪ್ಪ ರಟ್ಟು ಮುಚ್ಚಿ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ. ಏಪ್ರಿಲ್ ಒಂದು ತಿಂಗಳು ಸಾಕು. ರಟ್ಟು ತೆಗೆದಾಗ ಎರಡೂ ಅರ್ಧ ಒಂದೇ ಥರ ಇರುವ ಶಾಯಿಯಲ್ಲಿ ಮಗಳಿಗೆ ಪತ್ರ ಬರೆಯಿರಿ.

ಕೊನೆಗೆ ನಿಮ್ಮ ತಂದೆಯವರ ಪೆನ್ನು. ನೀವು ಹೇಳಿದ್ದು ನೋಡಿದರೆ ಅದು ಎಬೊನೈಟ್ ಪೆನ್ನು ಇರಬೇಕು, ಅಂದರೆ ಗಟ್ಟಿ ರಬ್ಬರಿನದು. ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿ ನೋಡಿ, ಗಂಧಕದ ವಾಸನೆ ಬಂದರೆ ಅದೇ. ರಾಜಮಂಡ್ರಿ ಅಂಥ ಪೆನ್ನುಗಳಿಗೆ ಹೆಸರುವಾಸಿ. ಅದರ ಮೈಯನ್ನು ನೀರಿನಲ್ಲಿ ನೆನೆಸಿಡಬೇಡಿ, ಕಪ್ಪು ಹೋಗಿ ಕಂದು ತಿರುಗುತ್ತದೆ. ನಿಬ್ಬಿನ ಭಾಗ ತಿರುಗಿಸಿ ಬಿಚ್ಚಿ, ನಿಬ್ಬಿನ ತುದಿಯನ್ನು ಮಾತ್ರ ತಣ್ಣೀರಿನ ಬಟ್ಟಲಲ್ಲಿ ಇಡಿ, ಹಳೇ ಶಾಯಿ ದಾರದಾರವಾಗಿ ಇಳಿಯುವುದು ಕಾಣುತ್ತದೆ. ಬಿಗಿಯಾಗಿ ಬಿಚ್ಚಲು ಬಾರದಿದ್ದರೆ ಇಕ್ಕಳ ಹಾಕಬೇಡಿ. ಎರಡು ದಿನ ಹಾಗೇ ತುದಿ ನೆನೆಸಿ ಮತ್ತೆ ಪ್ರಯತ್ನಿಸಿ. ಹೊಲಿಗೆ ಯಂತ್ರದ ಎಣ್ಣೆ, ವ್ಯಾಸಲೀನ್ ರಬ್ಬರಿಗೆ ಆಗುವುದಿಲ್ಲ. ತಿರುಗಿಸಿ ಕೂಡಿಸುವ ಸುತ್ತುಗೆರೆಗಳಿಗೆ ಚೂರು ಸಿಲಿಕೋನ್ ಗ್ರೀಸ್ ಸವರಿದರೆ ಸೋರುವುದಿಲ್ಲ.

ಮೊದಲು ಬರೀ ನೀರು ತುಂಬಿ, ಟಿಶ್ಯೂ ಸುತ್ತಿ, ಲೋಟದಲ್ಲಿ ನಿಲ್ಲಿಸಿ ರಾತ್ರಿ ಬಿಡಿ. ಬೆಳಿಗ್ಗೆ ಟಿಶ್ಯೂ ಒಣಗಿದ್ದರೆ ನಿಮ್ಮ ಹಳೇ ನೀಲಿ ಶಾಯಿ ಹಾಕಿ. ಒಳಗೆ ಶಾಯಿ ಕಾಲುಭಾಗಕ್ಕೆ ಇಳಿದಾಗ ಮತ್ತೆ ತುಂಬಿಬಿಡಿ. ಇಲ್ಲದಿದ್ದರೆ ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹಾಳೆಯ ಮೇಲೆ ತೊಟ್ಟಿಕ್ಕುತ್ತದೆ. ಎರಡು ವಾರ ನೀಲಿ ಸರಿಯಾಗಿ ಹರಿದರೆ, ಆ ಹಸಿರು ಶಾಯಿಯನ್ನು ಅದಕ್ಕೇ ತುಂಬಿ, ಹೊಸ ನೋಟುಬುಕ್ಕಿನಲ್ಲಿ ಬರೆದು ನೋಡಿ.